ಯಂತ್ರಕ್ಕೆ ಕಾಣದ ಮೂಟೆ

ಪರದೆಯ ಆಚೆಯಿಂದ ‘ಟಕ್’ ಎಂದು ಒಂದು ಸಣ್ಣ ಸದ್ದು ಬಂತು. ರಾತ್ರಿ ಬಹಳ ಹೊತ್ತಾಗಿತ್ತು. ಹಲ್ಲಿ ಲೊಚಗುಟ್ಟಿದಂತಿತ್ತು, ಆದರೆ ಅದಕ್ಕಿಂತ ಒದ್ದೆಯಾದ ಸದ್ದು. ಕೊನಾಡು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕಿವಿಗೊಟ್ಟಳು. ಎರಡು ವರ್ಷದಿಂದ ಅವಳ ಒಂದು ಕಿವಿ ಓದಿಗಾದರೆ ಇನ್ನೊಂದು ಅಮ್ಮನ ಮಂಚಕ್ಕೆ. ಗೊರಕೆಯೋ ಕೆಮ್ಮೋ ಬಾಯಾರಿಕೆಯೋ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಇದು ಯಾವುದೆಂದು ತಿಳಿಯಲಿಲ್ಲ. ಇದರ ಹಿಂದೆ ಇನ್ನೊಂದು ಬರಲೂ ಇಲ್ಲ.

ಪರದೆ ಸರಿಸಿದಳು. ಅಮ್ಮ ಬ್ರಾಗೊ ಅಂಗಾತ ಮಲಗಿದ್ದಳು. ಬಾಯಿ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ಪಾರ್ಶ್ವವಾಯು ಹೊಡೆದ ಎಡಗೈ ಎಂದಿನಂತೆ ಎದೆಯ ಮೇಲಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು. ಕರೆದಳು, ಭುಜ ಅಲುಗಿಸಿದಳು, ಕೆನ್ನೆ ತಟ್ಟಿದಳು. ಏನೂ ಇಲ್ಲ.

ಅಪ್ಪ ಹೋಗುವಾಗ ಕಂಡ ಮುಖವೇ ಇದು ಎನ್ನಿಸಿತು. ಲೋಟದಲ್ಲಿ ನೀರು ತಂದು, ಚಮಚದಿಂದ ತುಟಿಯ ನಡುವೆ ಬಿಟ್ಟಳು. ನಮ್ಮಲ್ಲಿ ಹೋಗುವ ಜೀವಕ್ಕೆ ನೀರು ಕೊಡದೆ ಕಳಿಸುವಂತಿಲ್ಲ. ಬಾಯಾರಿ ಹೋದವರು ಮನೆಯ ಸುತ್ತಲೇ ಸುಳಿಯುತ್ತಾರೆ ಎನ್ನುತ್ತಾರೆ.

“ಅಮ್ಮಾ, ನೀರು ತಗೋ. ಯಾರ ಮೇಲೂ ಕೋಪ ಇಟ್ಕೊಂಡು ಹೋಗ್ಬೇಡ. ಹಿಂದೆ ಉಳಿದೋರನ್ನ ಚೆನ್ನಾಗಿ ನೋಡ್ಕೋ,” ಎಂದಳು. ಹೇಳಬೇಕಾದ ಮಾತು ಅಷ್ಟೇ. ನೀರು ಬಾಯಿಯ ಅಂಚಿನಿಂದ ಹೊರಗೆ ಹರಿದು ದಿಂಬಿಗೆ ಇಳಿಯಿತು.

ಮೂಗಿನ ಹತ್ತಿರ ಕೈ ಹಿಡಿದಳು. ಹರ್ಮಟ್ಟಾನ್ ಎಂಬ ಚಳಿಗಾಲದ ಒಣಗಾಳಿ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು, ಅದರ ತಣ್ಪು ಬಿಟ್ಟರೆ ಬೇರೇನೂ ತಾಗಲಿಲ್ಲ. ಮಣಿಕಟ್ಟು ಹಿಡಿದಳು. ಬಡಿಯುತ್ತಿದ್ದದ್ದು ತನ್ನದೇ ಬೆರಳಿನ ನಾಡಿ. ಪಾದ ಕಲ್ಲಿನಷ್ಟು ತಣ್ಣಗಿತ್ತು.

ಫೋನು ತೆಗೆದು ಜಿಮಾ ಮಾವನ ಹೆಸರು ಹುಡುಕಿದಳು. ಅಮ್ಮನ ತಮ್ಮ, ಕುಟುಂಬಕ್ಕೆ ಹಿರಿಯ. ಮೊದಲು ತಿಳಿಯಬೇಕಾದವನು ಅವನೇ. ಅವನಿಗೆ ತಿಳಿಸುವ ತನಕ ಯಾರೂ ಅಳುವಂತಿಲ್ಲ, ತಿಳಿಸಿದ ಮೇಲೆ ಯಾರೂ ಬೇರೆ ಕೆಲಸ ಮಾಡುವಂತಿಲ್ಲ. ಹೆಸರಿನ ಮೇಲೆ ಹೆಬ್ಬೆರಳಿಟ್ಟರೆ ಸಾಕು, ಬೆಳಕು ಹರಿಯುವ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸುತ್ತಾರೆ, ಚಿಕ್ಕಮ್ಮಂದಿರು ಬಂದು ಮಗಳನ್ನು ಅದರ ಮೇಲೆ ಕೂರಿಸುತ್ತಾರೆ. ಕೂತ ಮಗಳು ಏಳುವುದು ಅವರು ಏಳು ಎಂದಾಗ.

ಹೆಬ್ಬೆರಳು ಅಲ್ಲೇ ನಿಂತಿತು. ಬೆಳಿಗ್ಗೆ ಅವಳ ಪದವಿಯ ಮೌಖಿಕ ಪರೀಕ್ಷೆ, ವೈವಾ ಇತ್ತು.

ಕೊನಾಡುಗೆ ನಲವತ್ತಾರು. ಕುಮಾಸಿ ನಗರದ ಒಂದು ಕೋಕೋ ಉಗ್ರಾಣದಲ್ಲಿ ಮೂಟೆಗಳ ಲೆಕ್ಕ ಬರೆಯುವವಳಾಗಿ ಸೇರಿ, ಅಲ್ಲೇ ಮೇಲ್ವಿಚಾರಕಿಯಾಗಿದ್ದಳು. ಮೂರು ವರ್ಷದ ಹಿಂದೆ ಕಂಪನಿಯವರು ಪ್ರತಿ ಮೂಟೆಗೂ ಚೀಟಿ ಅಂಟಿಸಿ, ಕೈಯಲ್ಲಿ ಹಿಡಿಯುವ ಯಂತ್ರದಿಂದ ಓದಿಸುವ ಪದ್ಧತಿ ತಂದರು. ಜೊತೆಗೆ ಡೆಸ್ಮಂಡ್ ಎಂಬ ಹುಡುಗನನ್ನೂ ತಂದರು. ವಯಸ್ಸಿನಲ್ಲಿ ಮಗನಂತಿದ್ದ ಅವನು ಹಮಾಲಿಗಳ ಎದುರಿಗೇ ಅವಳನ್ನು ಮಮ್ಮಿ ಎಂದು ಕರೆಯುತ್ತಿದ್ದ. “ಮಮ್ಮಿ, ಅದನ್ನ ಮುಟ್ಬೇಡಿ. ಅದು ನಿಮ್ಮ ಕಾಲದ ತಕ್ಕಡಿ ಅಲ್ಲ,” ಎನ್ನುತ್ತಿದ್ದ. ಹಮಾಲಿಗಳು ನಗುತ್ತಿದ್ದರು. ಮರುವರ್ಷವೇ, ಮುಂದೆ ಉಗ್ರಾಣದಲ್ಲಿ ಒಂದೇ ಒಂದು ವ್ಯವಸ್ಥಾಪಕರ ಹುದ್ದೆ ಉಳಿಯುತ್ತದೆ, ಪದವಿ ಇದ್ದವರಿಗೆ ಅದು, ಉಳಿದವರು ಮನೆಗೆ ಎಂದು ಗೋಡೆಗೆ ಅಂಟಿಸಿದ್ದರು. ಅಮ್ಮನ ಸಕ್ಕರೆ ಕಾಯಿಲೆಯ ಸೂಜಿ, ಮಾತ್ರೆ, ಈ ಕೋಣೆಯ ಬಾಡಿಗೆ ಎಲ್ಲವೂ ಆ ಕೆಲಸದಿಂದ ಬರುತ್ತಿದ್ದವು. ಹಾಗಾಗಿ ಅವಳು ವ್ಯವಹಾರ ಆಡಳಿತ ಮತ್ತು ತಂತ್ರಜ್ಞಾನ ನಿರ್ವಹಣೆಯ ವಾರಾಂತ್ಯದ ತರಗತಿಗೆ ಸೇರಿದ್ದಳು.

ವಾರಾಂತ್ಯವೆಂದರೆ ಶನಿವಾರ. ನಮ್ಮ ಊರಲ್ಲಿ ಶನಿವಾರವೆಂದರೆ ಸತ್ತವರ ದಿನ. ಯಾರದಾದರೂ ಅಂತ್ಯಕ್ರಿಯೆ ಇಲ್ಲದ ಶನಿವಾರವೇ ಇಲ್ಲ. ಎರಡು ವರ್ಷ ಕೊನಾಡು ಒಂದಕ್ಕೂ ಹೋಗಲಿಲ್ಲ. ದೊಡ್ಡಮ್ಮನದಕ್ಕೂ ಹೋಗಲಿಲ್ಲ. ಕಳೆದ ಈಸ್ಟರಿನಲ್ಲಿ ಜಿಮಾ ಮಾವ ಎಲ್ಲರ ಎದುರು ಕೇಳಿದ್ದ: “ಕೊನಾಡು, ನಿನ್ನ ಮನೇಲಿ ಒಂದು ಸಾವಾದ್ರೆ ಕುರ್ಚಿ ತುಂಬ್ಸೋಕೆ ಯೂನಿವರ್ಸಿಟಿಯಿಂದ ಜನ ಬರ್ತಾರಾ? ಈಗ್ಲೇ ಕೇಳಿಟ್ಕೋ.” ಅಮ್ಮ ಸೊಟ್ಟ ಬಾಯಲ್ಲೇ ಜಗಳಕ್ಕೆ ನಿಂತಿದ್ದಳು. “ನನ್ನ ಸಾವಿಗೆ ನೀನೊಬ್ಬ ಬಂದ್ರೆ ಸಾಕು ಕಣೋ, ಹತ್ತು ಜನರ ಊಟ ನೀನೇ ಮಾಡ್ತೀಯ.”

ವೈವಾ ಮುಂದಕ್ಕೆ ಹಾಕಿಸಬಹುದಿತ್ತು. ಮನೆಯಲ್ಲಿ ಸಾವಾದ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ದಯೆ ತೋರಿಸುತ್ತದೆ, ಒಂದು ವರ್ಷದ ಸಮಯ ಕೊಡುತ್ತದೆ. ರಾಜಧಾನಿ ಆಕ್ರಾದಿಂದ ಪರೀಕ್ಷಕರು ಬರುವುದೇ ವರ್ಷಕ್ಕೊಮ್ಮೆ. ಅಷ್ಟರಲ್ಲಿ ಆ ಹುದ್ದೆಯ ಕುರ್ಚಿಯಲ್ಲಿ ಡೆಸ್ಮಂಡ್ ಕೂತು ಸವೆಸಿರುತ್ತಾನೆ.

ಅರಸರು ತೀರಿಕೊಂಡರೆ ನಮ್ಮಲ್ಲಿ ಸತ್ತರು ಎನ್ನುವುದಿಲ್ಲ. ಹಳ್ಳಿಗೆ ಹೋಗಿದ್ದಾರೆ ಎನ್ನುತ್ತಾರೆ. ತಿಂಗಳುಗಟ್ಟಲೆ ಹಾಗೇ ಹೇಳಿಕೊಂಡು ನಡೆಯುತ್ತದೆ, ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ತಾನು ಕೇಳುತ್ತಿರುವುದು ಒಂದು ಹಗಲು ಮಾತ್ರ ಎಂದುಕೊಂಡಳು ಕೊನಾಡು. ಹಿರಿಯನಿಗೆ ತಿಳಿಸುವ ತನಕ ಸಾವು ಸಾವಲ್ಲ. ಸಂಜೆ ತಿಳಿಸಿದರೆ ಸಂಜೆಯೇ ಸತ್ತ ಹಾಗೆ. ಅಮ್ಮ ಇದ್ದಿದ್ದರೆ ಹೋಗು ಎಂದೇ ಹೇಳುತ್ತಿದ್ದಳು. ಇದನ್ನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡಳು. ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ಸರಿಯೆನಿಸಿತು.

ಬಾಯಿ ತೆರೆದೇ ಬಿಟ್ಟರೆ ದವಡೆ ಹಾಗೇ ಬಿಗಿಯುತ್ತದೆ, ಆಮೇಲೆ ಮುಚ್ಚಲು ಬರುವುದಿಲ್ಲ. ಪೆಟ್ಟಿಗೆಯಿಂದ ತಲೆವಸ್ತ್ರ ತೆಗೆದು, ಮಡಿಸಿ, ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದಳು. ಕಣ್ಣು ಮುಚ್ಚಿದಳು. ಕೈಗಳನ್ನು ಜೋಡಿಸಿ, ಹೊದಿಕೆಯನ್ನು ತಲೆಯ ತನಕ ಎಳೆದಳು. ಆಮೇಲೆ ಸ್ನಾನ ಮಾಡಿ, ಕಪ್ಪು ಲಂಗ, ಬಿಳಿ ರವಿಕೆ ಹಾಕಿಕೊಂಡು, ಹೊರಗಿನಿಂದ ಬೀಗ ಹಾಕಿದಳು.

ಅಂಗಳದಲ್ಲಿ ತಿವಾ, ಮಾರಲು ಬೇಯಿಸುವ ಕೆಂಕೆ ಉಂಡೆಗೆ ಜೋಳದ ಹಿಟ್ಟು ನಾದುತ್ತಿದ್ದಳು. ಎದುರು ಕೋಣೆಯವಳು. ಶನಿವಾರ ಕೊನಾಡುವಿನ ಬೀಗದ ಕೈ ಅವಳ ಸೆರಗಿನಲ್ಲಿರುತ್ತಿತ್ತು, ಮಧ್ಯಾಹ್ನ ಅಮ್ಮನಿಗೆ ಉಣಿಸುತ್ತಿದ್ದವಳು ಅವಳೇ.

“ಬಂದ್ರಪ್ಪ ಪ್ರೊಫೆಸರಮ್ಮ! ಇವತ್ತಿಗೆ ಮುಗೀತಲ್ವೇನೇ? ನಾಳೆಯಿಂದ ನಮ್ಮಂಥೋರ ಜೊತೆ ಮಾತಾಡ್ತೀಯೋ, ಚೀಟಿ ಬರೆದು ಕಳಿಸ್ಬೇಕೋ?”

“ನಿನ್ನ ಕೆಂಕೆ ಚೆನ್ನಾಗಿದ್ರೆ ಮಾತಾಡ್ತೀನಿ.”

“ಎಲ್ಲಿ, ಬೀಗದ ಕೈ ಕೊಡು.” ತಿವಾ ಹಿಟ್ಟಿನ ಕೈಯನ್ನೇ ಚಾಚಿದಳು.

“ಇವತ್ತು ಬೇಡ ಬಿಡು. ರಾತ್ರಿಯೆಲ್ಲ ಅವಳಿಗೆ ನಿದ್ದೆ ಇಲ್ಲ, ಈಗ ತಾನೇ ಮಲಗಿದಾಳೆ. ತಿಂಡೀನೂ ಆಗಿದೆ. ಎಬ್ಬಿಸ್ಬೇಡ, ನಾನೇ ಬೇಗ ಬರ್ತೀನಿ.”

ತಿವಾ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. “ನೀನೂ ನಿದ್ದೆ ಮಾಡಿಲ್ಲ ಅನ್ಸುತ್ತೆ. ಹೋಗು, ಹೋಗು. ಹೆದರ್ಕೊಂಡು ಮರ್ತುಬಿಟ್ಟೀಯ.”

ಟ್ರೋಟ್ರೋ ವ್ಯಾನಿನ ತುಂಬ ಕಪ್ಪು ಕೆಂಪು ಬಟ್ಟೆಯವರು, ಯಾವುದೋ ಅಂತ್ಯಕ್ರಿಯೆಗೆ ಹೊರಟವರು. ಪಕ್ಕದ ಮುದುಕಿ ಅವಳ ಕಪ್ಪು ಲಂಗ ನೋಡಿ, “ಯಾರಮ್ಮ ನಿಮ್ಮೋರು?” ಎಂದು ಕೇಳಿದಳು. ಕೊನಾಡು ಪರೀಕ್ಷೆ ಎಂದಳು. ಮುದುಕಿ ಕ್ಷಮೆ ಕೇಳುವಂತೆ ಮುಖ ತಿರುಗಿಸಿದಳು.

ವಿಭಾಗದ ಮೊಗಸಾಲೆಯಲ್ಲಿ ಬಾದು ಆಗಲೇ ಬಂದು ಕೂತಿದ್ದ. ಅವಳ ತರಗತಿಯವನು, ಬ್ಯಾಂಕಿನ ಗುಮಾಸ್ತ, ಮೂರು ಮಕ್ಕಳ ತಂದೆ. ಟೈ ಸರಿಮಾಡುತ್ತ ಸರಿಮಾಡುತ್ತ ಅದನ್ನು ಹಗ್ಗ ಮಾಡಿಕೊಂಡಿದ್ದ.

“ಈ ಟೈ ನಮ್ಮಪ್ಪ ಸತ್ತಾಗ ತಗೊಂಡಿದ್ದು ಕಣೇ. ಅವತ್ತು ಅತ್ತೆ, ಇವತ್ತೂ ಅಳೋದೇ. ನೀನೇನು ಇಷ್ಟು ತಣ್ಣಗೆ ಕೂತಿದೀಯ? ಪ್ರಶ್ನೆಗಳು ಮೊದ್ಲೇ ಸಿಕ್ಕಿದ್ವಾ?”

“ಸಿಕ್ಕಿದ್ರೆ ನಿಂಗೆ ಮಾರ್ತಿದ್ದೆ.”

“ಅಮ್ಮ ಹೇಗಿದಾರೆ?”

“ಮಲಗಿದಾಳೆ.”

ಒಳಗೆ ಕರೆದರು. ಮೇಜಿನ ಆಚೆ ಮೂವರು. ನಡುವೆ ಆಕ್ರಾದಿಂದ ಬಂದ ಎಸ್ಸುಮಾನ್ ಎಂಬ ಮುದುಕರು, ಮೆತ್ತನೆಯ ದನಿಯವರು. ಅವಳ ಪ್ರಬಂಧ ಅವಳದೇ ಉಗ್ರಾಣದ ಬಗ್ಗೆ. ಯಂತ್ರ ಬಂದ ಮೇಲೆ ಕೆಲಸ ಹೇಗೆ ಬದಲಾಯಿತು, ಎಲ್ಲಿ ತಪ್ಪಿತು, ಹೇಗೆ ನಡೆಸಿದರೆ ಸರಿ ಎಂಬುದು. ಒಂದೊಂದೇ ಚಿತ್ರ ತೋರಿಸುತ್ತ ಹೇಳುತ್ತಾ ಹೋದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸುತ್ತಿತ್ತು. ಚೆನ್ನಾಗಿ ತಯಾರಾದ ಬೇರೆ ಯಾರದೋ.

“ತೇವದ ಮೂಟೆಗಳ ವಿಷಯ ಬರೆದಿದೀರಿ,” ಎಂದರು ಎಸ್ಸುಮಾನ್. “ಸ್ವಲ್ಪ ಹೇಳ್ತೀರಾ?”

“ತೇವ ಆದ್ರೆ ಚೀಟಿ ಮಸುಕಾಗುತ್ತೆ ಸರ್. ಯಂತ್ರ ಓದಲ್ಲ. ಮೂಟೆ ಕಣ್ಣೆದುರಿಗೇ ಇರುತ್ತೆ, ಆದ್ರೆ ಲೆಕ್ಕದಲ್ಲಿ ಇಲ್ಲ ಅಂತ ಬರುತ್ತೆ. ಇಲ್ಲ ಅಂತ ಬಂದದ್ದನ್ನ ಯಾರೂ ಹುಡುಕಲ್ಲ. ಹಿಂದಿನ ಮಳೆಗಾಲದಲ್ಲಿ ಒಂದು ಮೂಲೇಲಿ ಹಾಗೇ ಉಳಿದು ಪೂರ್ತಿ ಕೊಳೆತುಹೋಯ್ತು.”

“ಸರಿ. ಯಂತ್ರ ಇಲ್ಲ ಅನ್ನುತ್ತೆ. ಅದು ನಿಜವಾಗ್ಲೂ ಇಲ್ಲ ಅಂತ ನೀವು ಹೇಗೆ ತೀರ್ಮಾನ ಮಾಡ್ತೀರಿ?”

ಇದಕ್ಕೆ ಅವಳು ತಯಾರಾಗಿದ್ದಳು. “‘ಇದೆ’ ಅನ್ನೋ ಉತ್ತರಾನ ಒಂದು ಸಲಕ್ಕೆ ನಂಬಬಹುದು ಸರ್. ‘ಇಲ್ಲ’ ಅನ್ನೋದನ್ನ ನಂಬಬಾರದು. ಇನ್ನೊಬ್ಬರನ್ನ ಕರೀಬೇಕು, ಅವರು ಕೈಯಿಟ್ಟು ನೋಡ್ಬೇಕು. ಮೊದಲು ನೋಡಿದೋರೇ ಮತ್ತೆ ನೋಡಿದ್ರೆ ಆಗಲ್ಲ.”

“ಯಾಕೆ ಆಗಲ್ಲ?”

“ಅವರಿಗೆ ಲಾರಿ ಹೊರಡಿಸೋ ಆತುರ ಇರುತ್ತೆ. ಆತುರ ಇರೋರಿಗೆ ‘ಇಲ್ಲ’ ಅನ್ನೋ ಉತ್ತರವೇ ಬೇಕಾಗಿರುತ್ತೆ ಸರ್. ಬೇಕಾಗಿರೋದು ಸಿಕ್ಕ ಮೇಲೆ...”

ಅವಳು ತನ್ನ ಬೆರಳುಗಳನ್ನು ನೋಡಿದಳು.

“ಸಿಕ್ಕ ಮೇಲೆ?” ಎಂದರು ಮುದುಕರು, ಮುಗುಳುನಗುತ್ತ.

“ಸಿಕ್ಕ ಮೇಲೆ ಅವರು ಮತ್ತೆ ಮುಟ್ಟಿ ನೋಡಲ್ಲ.”

ಮೂವರೂ ಏನನ್ನೋ ಬರೆದುಕೊಂಡರು. ಪಕ್ಕದಲ್ಲಿದ್ದ ಪರೀಕ್ಷಕಿ ಇದು ಬಹಳ ಒಳ್ಳೆಯ ಮಾತು ಎಂದರು. ಕೊನಾಡುಗೆ ಕೇಳಿಸಿದ್ದು ಬೇರೆ. ಹಣೆಯ ಮೇಲೆ ಬೆವರಿತ್ತು. ಸತ್ತವರು ಬೆವರುತ್ತಾರೆಯೇ? ಸಕ್ಕರೆ ಬಹಳ ಇಳಿದರೆ ಹೀಗೆ ತಣ್ಣಗಾಗಿ, ಬೆವರಿ, ಕರೆದರೂ ಏಳದೆ ಬೀಳುತ್ತಾರೆ ಎಂದು ಚಿಕಿತ್ಸಾಲಯದ ನರ್ಸ್ ಒಮ್ಮೆ ಹೇಳಿದ್ದರು. ನಿನ್ನೆ ಸಂಜೆ ಸೂಜಿ ಹಾಕಿದ ಮೇಲೆ ಅಮ್ಮ ಗಂಜಿಯನ್ನು ಎರಡು ಚಮಚಕ್ಕೇ ಬೇಡವೆಂದಿದ್ದಳು. ಕೊನಾಡು ಒತ್ತಾಯ ಮಾಡಿರಲಿಲ್ಲ. ಚಿತ್ರಗಳನ್ನು ಸರಿಮಾಡುವುದಿತ್ತು.

ಹೊರಗೆ ಕಾಯಿರಿ, ಫಲಿತಾಂಶ ಹೇಳುತ್ತೇವೆ ಎಂದರು. ಅವಳು ಹೊರಗೆ ಬಂದು ನಿಲ್ಲದೆ ನಡೆದಳು. “ಎಲ್ಲಿಗೇ? ಏಯ್, ಕೊನಾಡು, ಚೀಲ ಬಿಟ್ಟಿದೀಯ!” ಬಾದು ಹಿಂದೆ ಓಡಿಬಂದು ಚೀಲವನ್ನು ಕೈಗೆ ತುರುಕಿದ. ಬೀಗದ ಕೈ ಅದರಲ್ಲೇ ಇತ್ತು.

ಟ್ಯಾಕ್ಸಿ ಹಿಡಿದಳು. ಟಾಫೊ ಕಡೆಯ ರಸ್ತೆಗೆ ಅಡ್ಡಲಾಗಿ ಅಂತ್ಯಕ್ರಿಯೆಯ ಚಪ್ಪರ ಹಾಕಿದ್ದರು. ಬಳಸಿ ಹೋದ ಓಣಿಯಲ್ಲಿ ಇನ್ನೊಂದು ಚಪ್ಪರ. ಧ್ವನಿವರ್ಧಕದಲ್ಲಿ ಯಾರೋ ಬಂದವರ ಹೆಸರು ಕೂಗುತ್ತಿದ್ದರು. “ಬೇಗ ಹೋಗಪ್ಪ,” ಎಂದಳು. “ಶನಿವಾರ ಕಣಕ್ಕ,” ಎಂದ ಚಾಲಕ. “ಸತ್ತೋರ ಮೇಲೆ ಗಾಡಿ ಓಡ್ಸೋಕಾಗುತ್ತಾ?” ಫೋನು ಸದ್ದು ಮಾಡಿತು. ಬಾದು ಕಳಿಸಿದ್ದ: ಪಾಸು, ಅತ್ಯುತ್ತಮ, ಆ ಮುದುಕರು ನಿನ್ನನ್ನೇ ಹೊಗಳುತ್ತಿದ್ದಾರೆ, ಎಲ್ಲಿ ಸತ್ತೆ ನೀನು. ಅವಳು ಇಳಿದು ಓಡಿದಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಬೀಗ ಹಾಗೇ ಇತ್ತು. ತೆಗೆದು ಬಾಗಿಲು ತಳ್ಳಿದಳು. ಒಂದು ಗೇಣು ತೆರೆದು ನಿಂತಿತು. ಮತ್ತೆ ತಳ್ಳಿದಳು. ಒಳಗೆ ಮೆತ್ತಗೆ ಏನೋ ತಡೆಯುತ್ತಿತ್ತು. ಪಕ್ಕಕ್ಕೆ ತಿರುಗಿ ಸಂದಿಯಲ್ಲಿ ನುಸುಳಿದಳು.

ಅಮ್ಮ ಬಾಗಿಲಿಗೆ ಒರಗಿ ಬಿದ್ದಿದ್ದಳು. ಹೊದಿಕೆ ಮಂಚದಿಂದ ಅಲ್ಲಿಯ ತನಕ ಎಳೆದುಕೊಂಡು ಬಂದಿತ್ತು. ಸ್ವಾಧೀನವಿದ್ದ ಬಲಗೈಯ ಬೆರಳುಗಳು ಗದ್ದದ ಕೆಳಗೆ, ತಲೆವಸ್ತ್ರದ ಒಳಗೆ ಸಿಕ್ಕಿಕೊಂಡಿದ್ದವು. ವಸ್ತ್ರ ಸ್ವಲ್ಪ ಸಡಿಲವಾಗಿ ಒಂದು ಕಡೆಗೆ ಜಾರಿತ್ತು, ಬಿಚ್ಚಿರಲಿಲ್ಲ. ರಾತ್ರಿ ಕಲ್ಲಿನಷ್ಟು ತಣ್ಣಗಿದ್ದ ಪಾದ ಈಗ ಬೆಚ್ಚಗಿತ್ತು.

ಈ ಸಲ ಅವಳು ಬಹಳ ಹೊತ್ತು ನೋಡಿದಳು. ಮೂಗಿಗೆ ಕನ್ನಡಿ ಹಿಡಿದಳು, ಎದೆಗೆ ಕಿವಿಯಿಟ್ಟಳು, ಹೆಸರು ಹಿಡಿದು ಕರೆದಳು, ಸಕ್ಕರೆ ನೀರು ಕಲಸಿ ಒಸಡಿಗೆ ಸವರಿದಳು. ಪಾದದ ಬಿಸುಪು ಅವಳ ಕೈಯಲ್ಲೇ ಆರತೊಡಗಿತು.

“ಬಂದ್ಯೇನೇ? ಹೇಗಾಯ್ತು?” ಹೊರಗಿನಿಂದ ತಿವಾಳ ದನಿ ಬಂತು. ಪಾತ್ರೆ ಕೆಳಗಿಟ್ಟ ಸದ್ದು. “ಅಮ್ಮ ಎದ್ದಿದಾರೆ ನೋಡು. ಆಗ್ಲೇ ಒಳಗೆ ಏನೋ ದೊಪ್ಪಂತ ಬಿತ್ತು. ಆಮೇಲೆ ಬಾಗ್ಲ ಹತ್ರ ಕೆರೆದ ಹಾಗಾಯ್ತು. ‘ಅಮ್ಮಾ, ಏನ್ ಬೇಕು’ ಅಂದೆ, ಮಾತಿಲ್ಲ. ನಿನ್ನ ಮೇಲೆ ಕೋಪ ಇರ್ಬೇಕು ಅಂದ್ಕೊಂಡೆ. ಕೋಪ ಬಂದ್ರೆ ಅವರು ಮಾತಾಡಲ್ಲವಲ್ಲ.”

ಕೊನಾಡು ನೆತ್ತಿಯ ಗಂಟನ್ನು ಬಿಚ್ಚಿದಳು. ತನ್ನ ಕೈಯೇ ಹಾಕಿದ ಗಂಟು, ಉಗುರು ಹಾಕಿ ಬಿಚ್ಚಬೇಕಾಯಿತು. ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ವಸ್ತ್ರವನ್ನು ಮಡಿಸಿ ತನ್ನ ಲಂಗದೊಳಗೆ ತೂರಿಸಿದಳು. ಆಮೇಲೆ ತಿವಾಳನ್ನು ಕರೆದಳು, ಜಿಮಾ ಮಾವನಿಗೆ ಫೋನು ಮಾಡಿದಳು.

ಸಂಜೆಗೆ ಚಾಪೆ ಬಿತ್ತು. ಜನ ಬಂದರು, ಅವಳು ಯೋಚಿಸಿದ್ದಕ್ಕಿಂತ ಹೆಚ್ಚು ಜನ. ಯಾರೂ ಅವಳನ್ನು ಬೈಯಲಿಲ್ಲ. “ಮಗಳ ಪರೀಕ್ಷೆ ಮುಗೀಲಿ ಅಂತ ಕಾದು ಹೋದ್ಲು, ಪುಣ್ಯವಂತೆ,” ಎಂದಳು ಒಬ್ಬ ಚಿಕ್ಕಮ್ಮ. ಇನ್ನೊಬ್ಬಳು ಹೌದು ಹೌದು ಎಂದು ಮೂಗು ಒರೆಸಿಕೊಂಡಳು. ಜಿಮಾ ಮಾವ ಕಪ್ಪು ಬಟ್ಟೆ ಹೊದ್ದು ಎದುರು ಕೂತು, ಕೇಳಲೇಬೇಕಾದದ್ದನ್ನು ಕೇಳಿದ.

“ನೀರು ಯಾರು ಕೊಟ್ರಿ?”

ಕೊಟ್ಟಿದ್ದಳು. ಹೇಳಬೇಕಾದ ಮಾತನ್ನೂ ಹೇಳಿದ್ದಳು. ಕೊಟ್ಟೆ ಎಂದರೆ ಯಾವಾಗ ಎಂದು ಕೇಳುತ್ತಾನೆ.

“ಯಾರೂ ಕೊಡ್ಲಿಲ್ಲ ಮಾವ. ಒಬ್ಬಳೇ ಇದ್ಲು.”

ಚಿಕ್ಕಮ್ಮಂದಿರು ಒಟ್ಟಿಗೆ ಉಸಿರೆಳೆದುಕೊಂಡರು. “ಬಾಯಾರಿ ಹೋದ್ಲು ಅಂತಾಯ್ತು, ನಮ್ಮಕ್ಕ,” ಎಂದು, ಅವಳು ಎಂದೂ ನೋಡಿರದ ಹಾಗೆ, ಮಾವ ಮಗುವಿನಂತೆ ಅತ್ತ.

ಟಕೊರಾಡಿಯಿಂದ ತಂಗಿ ಪೊಮಾ ಬಂದಳು. ಶವವನ್ನು ಶೈತ್ಯಾಗಾರಕ್ಕೆ ಕಳಿಸಿ, ಅಂತ್ಯಕ್ರಿಯೆಗೆ ದಿನ ಗೊತ್ತು ಮಾಡಿದರು. ಅದೂ ಶನಿವಾರವೇ. ಡೆಸ್ಮಂಡ್ ಉಗ್ರಾಣದವರನ್ನು ಕರೆದುಕೊಂಡು ಬಂದು, ತಲೆ ತಗ್ಗಿಸಿ, “ಮೇಡಂ” ಎಂದ. ಮಮ್ಮಿ ಎನ್ನಲಿಲ್ಲ. ಹುದ್ದೆ ಅವಳಿಗೇ ಎಂಬ ಸುದ್ದಿ ಅವನಿಗೆ ಮೊದಲೇ ತಿಳಿದಿತ್ತು.

ತಿವಾ ಮಾತ್ರ ಚಾಪೆಯ ಹತ್ತಿರ ಬರುತ್ತಿರಲಿಲ್ಲ. ಒಲೆ ಹಚ್ಚುವುದನ್ನು ಬಿಟ್ಟಿದ್ದಳು. ಕೆಂಕೆ ಕೊಳ್ಳಲು ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರು.

ಪೊಮಾ ಅಕ್ಕನ ಕಿವಿಯ ಹತ್ತಿರ ಬಂದಳು. “ಅಕ್ಕಾ, ತಿವಕ್ಕ ಅನ್ನ ಬಿಟ್ಟು ಕೂತಿದಾಳೆ. ‘ಸದ್ದು ಕೇಳಿಸ್ತು, ಬೀಗ ಒಡೀಲಿಲ್ಲ, ನಾನೇ ಕೊಂದೆ’ ಅಂತಾಳೆ. ಅವಳ ಗಂಡ ಬೇರೆ ಅದನ್ನೇ ಹೇಳಿ ಬೈತಿದಾನೆ. ನೀನೇ ಒಂದು ಮಾತು ಹೇಳು. ನೀನು ಹೇಳಿದ್ರೆ ಕೇಳ್ತಾಳೆ.”

ಕೊನಾಡು ಎದ್ದು ಎದುರು ಕೋಣೆಗೆ ಹೋದಳು. ಕತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು ತಿವಾ. ಕೆಲವೇ ದಿನದಲ್ಲಿ ಅವಳ ಕುತ್ತಿಗೆ ಸಣ್ಣಗಾಗಿತ್ತು.

“ನಿನ್ನ ತಪ್ಪಲ್ಲ ಕಣೇ,” ಎಂದಳು ಕೊನಾಡು.

ತಿವಾ ತಿರುಗಿದಳು. ಕಣ್ಣು ಊದಿಕೊಂಡಿತ್ತು. “ನನ್ನದಲ್ದೆ ಇನ್ಯಾರದು? ಹೇಳು. ನಾನು ಬಾಗ್ಲ ಈಚೆ ನಿಂತು, ಕೋಪ ಬಂದಿದೆ ಅಂತ ನಗಾಡ್ದೆ ಕಣೇ. ನಕ್ಕೆ. ಅವರು ಆಚೆ ಕಡೆ...” ಕೊನಾಡುವಿನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ನೀನು ಎಷ್ಟು ದೊಡ್ಡೋಳು. ನನ್ನ ಮೇಲೆ ಒಂಚೂರೂ ಸಿಟ್ಟಿಲ್ವಲ್ಲೇ ನಿಂಗೆ.”

ಬಾಯಿ ಕಟ್ಟಿ ಬೀಗ ಹಾಕಿದವಳು ನಾನು ಎಂಬ ಒಂದೇ ವಾಕ್ಯ ಸಾಕಿತ್ತು. ಹೊರಗೆ ಮಾವನ ದನಿ, ಪೊಮಾಳ ದನಿ, ಕುರ್ಚಿ ಇಳಿಸುವವರ ಗದ್ದಲ. ಈ ವಾಕ್ಯ ತಿವಾಳಿಂದ ಅವಳ ಗಂಡನಿಗೆ, ಅವನಿಂದ ಅಂಗಳಕ್ಕೆ, ಅಂಗಳದಿಂದ ಆ ಚಾಪೆಯ ತನಕ ನಡೆದು ಬರುವುದನ್ನು ಕೊನಾಡು ಕಣ್ಣಾರೆ ಕಂಡಳು. ತಂಗಿಯ ಮುಖ ಏನಾಗುತ್ತದೆ ಎಂಬುದನ್ನೂ ಕಂಡಳು.

“ಏಳು, ಸ್ವಲ್ಪ ಊಟ ಮಾಡು,” ಎಂದಳು. ತಿವಾಳ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಯಾರಿಗೂ ಹೇಳುವುದಿಲ್ಲ. ತಂಗಿಗೂ ಇಲ್ಲ, ಪಾದ್ರಿಗೂ ಇಲ್ಲ, ಇವಳಿಗಂತೂ ಎಂದೆಂದಿಗೂ ಇಲ್ಲ.